ಅಳಿಸಿದ ಸೊನ್ನೆ

ಹೊಳೆದಂಡೆಯ ಮಠದಲ್ಲಿ ಮುರಗಯ್ಯಜ್ಜ ಅಂತ ಒಬ್ಬರಿದ್ದರು. ಮೊದಲು ಕಂಪ್ಯೂಟರ್ ಕಲಿಸುತ್ತಿದ್ದ ಮೇಷ್ಟ್ರು. ವಯಸ್ಸಾದ ಮೇಲೆ ಕಾವಿ ಉಟ್ಟರು, ಕಲಿಸುವುದನ್ನು ಮಾತ್ರ ಬಿಡಲಿಲ್ಲ.

ಒಂದು ಮುಂಜಾನೆ ಶಿಷ್ಯೆ ಶರಣವ್ವ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಅವರ ಮುಂದೆ ಕುಕ್ಕರಿಸಿದಳು. ಕಣ್ಣು ಕೆಂಪಾಗಿದ್ದವು.

“ಅಜ್ಜಾರ, ಅಕ್ಕನ ಮೆಸೇಜ್ ಬಿಡಸಾಕ ಆಗವಲ್ದು.”

ಒಂಬತ್ತು ವರ್ಷದ ಹಿಂದೆ ಅಕ್ಕನ ಜೊತೆ ಜಗಳವಾಡಿ ಬಂದವಳು. ಅಕ್ಕನ ಮನೆ ಆಚೆ ದಂಡೆಯಲ್ಲೇ. ಒಲೆ ಹಚ್ಚಿದರೆ ಹೊಗೆ ಇಲ್ಲಿಗೆ ಕಾಣುತ್ತದೆ. ಜಗಳವಾದ ವಾರಕ್ಕೆ ಅಕ್ಕನಿಂದ ಒಂದು ಮೆಸೇಜ್ ಬಂದಿತ್ತು. ಶರಣವ್ವನ ಮೊಬೈಲಿಗೆ ಕನ್ನಡ ಬರುತ್ತಿರಲಿಲ್ಲ, ಬರೀ ಡಬ್ಬಿ ಡಬ್ಬಿ ತೋರಿಸಿತು.

ಬೈದಾಳೋ, ಕರೆದಾಳೋ? ಕರೆದಿದ್ದರೆ ಓಡಿ ಹೋಗುವ ಆಸೆ. ಕೇಳೋಣವೆಂದರೆ ಹಟ. ದಿನಾ ಆ ಹೊಗೆ ನೋಡುವುದು, ಒಳಗೇ ಬೇಯುವುದು.

ಈಗ ಅಜ್ಜನಿಂದ ಕಲಿತ ವಿದ್ಯೆಯಿಂದ ಹಳೆ ಮೊಬೈಲಿಗೆ ಕೇಬಲ್ ಹಾಕಿ ಮೆಸೇಜಿನ ಮೂಲ ತೆಗೆದಿದ್ದಳು. ಹೆಕ್ಸ್ ಅನ್ನುವ ಕಂಪ್ಯೂಟರ್ ಸಂಕೇತದಲ್ಲಿ ಎಂಟೇ ಚಿಹ್ನೆ, ಚೀಟಿಯಲ್ಲಿ ಬರೆದುಕೊಂಡಿದ್ದಳು: 0CAC0CBE.

“ಪೈಥಾನ್ ಪ್ರೋಗ್ರಾಮಿಗೆ ಹಾಕಿದ್ರ ಯಾವುದೋ ದೇಶದ ಲಿಪಿ ಬರ್ತೈತ್ರಿ.”

“ಹಾಕಿದ್ದು ತೋರ್ಸು.”

ಪರದೆಯ ಮೇಲೆ CAC0CBE0 ಇತ್ತು.

“ಮೊದಲಿನ ಸೊನ್ನಿ ಎಲ್ಲಿ ಹೋತು?”

“ಮುಂದಿರೋ ಸೊನ್ನಿಗೆ ಬೆಲೆ ಇಲ್ಲಲ್ರಿ, ಸಾಲ್ಯಾಗ ಹಂಗ ಕಲಿಸ್ಯಾರ. ಅಳಿಸಿದೆ. ಏಳ ಉಳದ್ವು. ಜೋಡಿ ಆಗವಲ್ದು ಅಂತ ಪೈಥಾನ್ ತಕರಾರು ತೆಗೀತು. ಕೊನೀಗೆ ಒಂದು ಸೊನ್ನಿ ಸೇರಿಸಿದೆ.”

“ಭೇಷ್! ತಲಿ ತಗದು ಬಾಲಕ್ಕ ಕಟ್ಟೀಯಲ್ಲ!”

ಅಜ್ಜ ಉಸುಕಿನ ಮೇಲೆ ಬೆರಳಿಂದ ಬರೆದರು: ನೀರುತಾಯಿಮನೆ.

“ಎರಡೆರಡು ಅಕ್ಷರ ಓದು.”

“ನೀರು. ತಾಯಿ. ಮನೆ.”

ಅಜ್ಜ ಅಂಗೈಯಿಂದ ಮೊದಲಕ್ಷರ ಒರೆಸಿದರು. “ಈಗ?”

“ರುತಾ. ಯಿಮ. ನೆ…”

“ಕೊನೀಗೆ ಏನ ಬೇಕಾದ್ದು ಸೇರಿಸು. ತಾಯಿ ಬರ್ತಾಳೇನು?”

ಶರಣವ್ವ ಲ್ಯಾಪ್‌ಟಾಪ್ ಎಳೆದುಕೊಂಡಳು. ಕೊನೆಯ ಸೊನ್ನೆ ಕಿತ್ತು ಮುಂದಕ್ಕೆ ಹಾಕಿದಳು. 0C, AC, 0C, BE. ಎರಡೆರಡು ಚಿಹ್ನೆಗೆ ಒಂದೊಂದು ಬೈಟ್. ನಾಲ್ಕು ಬೈಟ್ ಕೂಡಿ ಅಕ್ಕನ ಮಾತು ಪರದೆಯ ಮೇಲೆ ಮೂಡಿತು.

ಬಾ.

ಅಷ್ಟೇ ಇದ್ದದ್ದು. ಶರಣವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಜ್ಜ ಅವಳನ್ನು ಅಳಲು ಬಿಟ್ಟರು.

“ಒಂಬತ್ತು ವರ್ಷ ಆತಲ್ರಿ ಅಜ್ಜಾರ. ಇಷ್ಟು ತಡಾ ಮಾಡಿ ಹೋದ್ರ, ಈಗ್ಯಾಕ ಬಂದಿ ಅಂದ್ರ ಏನ್ ಹೇಳ್ಲಿ?”

ಆಚೆ ದಂಡೆಯಲ್ಲಿ ಹೊಗೆ ಏಳುತ್ತಿತ್ತು. ಅಜ್ಜ ಅದನ್ನೇ ನೋಡುತ್ತ ಹೇಳಿದರು:

“ಆಕಿ ಯಾವಾಗ ಕರದ್ಲು ಅನ್ನೋದು ಬಿಡು ಯವ್ವಾ. ನಿನಗ ಕೇಳಿಸಿದ್ದು ಈಗ. ಚಪ್ಪಲಿ ಮೆಟ್ಟು.”