ಮೆಟ್ಟಿದ್ದೇ ಮೆಟ್ಟಿಕೊಂಡಾಗ

"ಕುಂದಣಗಿರಿಯ ಪ್ರಜೆಗಳೆಲ್ಲ ಕೇಳಿ. ಅರಸುಕುವರಿ ಚಾಗಲೆ ಮೂರು ಒಗಟು ಹಾಕುವಳು. ಬಿಡಿಸಿದವನಿಗೆ ಅವಳ ಕೈ, ಮೇಲೆ ಅವನು ಬೇಡಿದ್ದು. ಬಿಡಿಸಲಾರದವನಿಗೆ ಕೊಡಲಿಯೇಟು."

ಡಂಗುರದವನು ಹೀಗೆ ಸಾರಿದ್ದೇ ತಡ, ಊರೂರಿನ ರಾಜಕುಮಾರರು ಕುದುರೆ ಏರಿ ಬಂದರು. ಚಾಗಲೆ ಅಂಥ ಚೆಲುವೆ. ಅವಳು ಸಖಿಯರ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಓಲಾಡುತ್ತ ನಡೆಯುವುದನ್ನು ಆಸ್ಥಾನದ ಕವಿಗಳು ಹಂಸನಡಿಗೆ ಎಂದು ಹಾಡಿದ್ದರು. ಆ ಮನೆತನದ ಹೆಂಗಸರು ಚಿನ್ನದ ಕುಸುರಿಯ, ಎತ್ತರದ ಹಿಮ್ಮಡಿಯ, ಮುಂದುಗಡೆ ಗಿಣಿಯ ಕೊಕ್ಕಿನಂತೆ ಚೂಪಾದ ಮೆಟ್ಟುಗಳನ್ನೇ ಹಾಕಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ಅರಮನೆಯನ್ನು ನೋಡಿ ಪೇಟೆಯ ಹೆಂಗಸರೂ ಅಂಥವನ್ನೇ ಹೊಲಿಸಿಕೊಂಡು, ಸೊಪ್ಪು ತರಲು ಹೋಗುವಾಗಲೂ ಹಂಸಗಳಾಗಿದ್ದರು.

ಬಂದ ರಾಜಕುಮಾರರೆಲ್ಲ ಸೋತರು. ಚಾಗಲೆಯ ಮನಸ್ಸು ಮೃದು; ಕೊಡಲಿ ಕೆಲಸವೆಲ್ಲ ಕೊನೆಗೆ ಒಟ್ಟಿಗೇ ಆಗಲಿ ಎಂದು ತಂದೆಯನ್ನು ಒಪ್ಪಿಸಿದ್ದಳು. ಸೋತವರು ಸೆರೆಮನೆಯಲ್ಲಿ ಚೌಕಾಬಾರ ಆಡುತ್ತ, ಅಡುಗೆಯಲ್ಲಿ ಉಪ್ಪು ಕಡಿಮೆಯೆಂದು ಜಗಳ ತೆಗೆಯುತ್ತ ಕೂತಿದ್ದರು. ಕೊನೆಗೆ ಅರಸನ ತಾಳ್ಮೆ ಮುಗಿಯಿತು. ಇಂದು ಸಂಜೆಯೊಳಗೆ ಉತ್ತರ ಬಾರದಿದ್ದರೆ ಎಲ್ಲರ ತಲೆಯೂ ಉರುಳಲಿ ಎಂದುಬಿಟ್ಟ.

ಅದೇ ದಿನ ಸಂಕಣ್ಣನೆಂಬ ಬಳೆಗಾರ ಸಖಿಯರಿಗೆ ಬಳೆ ತೊಡಿಸಲು ಅರಮನೆಗೆ ಬಂದಿದ್ದ. ಸಭೆಯ ಪಕ್ಕದ ಮೊಗಸಾಲೆಯಲ್ಲಿ ಬಳೆಯ ಮಲಾರ ಬಿಚ್ಚಿ ನೆಲದ ಮೇಲೆ ಕೂತವನಿಗೆ ಒಳಗಿನ ಮಾತೆಲ್ಲ ಕೇಳುತ್ತಿತ್ತು.

ಚಾಗಲೆ ಮೊದಲ ಒಗಟು ಹೇಳಿದಳು. ಬೆಳಿಗ್ಗೆ ಸಣ್ಣವರು, ಸಂಜೆಗೆ ದೊಡ್ಡವರು, ಮಲಗಿ ಎದ್ದರೆ ಮತ್ತೆ ಸಣ್ಣವರು. ಅವಳಿಗಳು, ಆದರೂ ಒಬ್ಬರಂತೆ ಒಬ್ಬರಿಲ್ಲ, ಯಾರು? ನೆರಳು ಎಂದ ಒಬ್ಬ ರಾಜಕುಮಾರ. ಬೆಳಗಿನ ನೆರಳು ಸಣ್ಣದೇ ಎಂದು ಅವಳು ಕೇಳಿದ್ದಕ್ಕೆ, ನಮ್ಮ ಊರಲ್ಲಿ ಸಣ್ಣದೇ ಎಂದು ವಾದಿಸಿದ. ಅವನನ್ನು ಸೆರೆಮನೆಗೆ ಕರೆದೊಯ್ದರು.

ಎರಡನೆಯದು: ಐವರು ಅಕ್ಕತಂಗಿಯರನ್ನು ಒಂದು ಚೂಪು ಕೋಣೆಗೆ ತುಂಬಿದರು, ಒಬ್ಬಳ ಮೇಲೊಬ್ಬಳು ಹತ್ತಿದಳು, ದೊಡ್ಡವಳು ಬಾಗಿ ಗೋಡೆಗೆ ಗಂಟು ಬಿದ್ದಳು. ಇನ್ನೊಬ್ಬ ರಾಜಕುಮಾರ ಎದೆ ಸೆಟೆಸಿ, ಅವರು ಅರಗಿನ ಮನೆಯಲ್ಲಿದ್ದ ಪಾಂಡವರು ಎಂದ. ಪಾಂಡವರು ಯಾವಾಗ ಅಕ್ಕತಂಗಿಯರಾದರು ಎಂದು ಮಂತ್ರಿ ಕೇಳಿದಾಗ, ಅಜ್ಞಾತವಾಸದಲ್ಲಿ ವೇಷ ಹಾಕಿರಲಿಲ್ಲವೇ ಎಂದ.

ಸಂಕಣ್ಣನಿಗೆ ನಗು ತಡೆಯಲಾಗಲಿಲ್ಲ. ಸಭೆಯಲ್ಲಿ ನಕ್ಕವನು ಉತ್ತರ ಹೇಳಲೇಬೇಕೆಂದು ಭಟರು ಅವನ ರಟ್ಟೆ ಹಿಡಿದು ಅರಸನ ಮುಂದೆ ನಿಲ್ಲಿಸಿದರು.

"ಒಡೆಯಾ, ನಾನು ಮದುವೆಗೆ ಬಂದವನಲ್ಲ. ಬಳೆಗೆ ಬಂದವನು," ಎಂದ ಸಂಕಣ್ಣ.

"ತಲೆ ಕೊಡಲೂ ಬಂದೆ ಅಂತಿಟ್ಟುಕೋ. ಹೇಳು," ಎಂದ ಅರಸ.

ಚಾಗಲೆ ಮೂರನೆಯದನ್ನು ಹೇಳಿದಳು. "ನಾನು ಮೆಟ್ಟಿದ್ದೇ ನನ್ನನ್ನು ಮೆಟ್ಟಿಕೊಂಡಿದೆ. ಅದು ಯಾವುದು? ಬಿಡಿಸುವ ಮಂತ್ರವಾದಿ ಯಾರು?"

ಸಭೆ ನಿಟ್ಟುಸಿರಿಟ್ಟಿತು. ಹಿಂದೆ ಬಂದವರೆಲ್ಲ ಇದಕ್ಕೆ ದೆವ್ವ ಎಂದೇ ಹೇಳಿದ್ದರು. ಮೆಟ್ಟಿಕೊಳ್ಳುವುದು ಇನ್ನೇನು? ಒಬ್ಬನಂತೂ ಬೇವಿನ ಸೊಪ್ಪು, ಮೆಣಸಿನಕಾಯಿ ಹೊಗೆಯ ಸಮೇತ ಬಂದು ಅರಸನನ್ನೇ ಕೆಮ್ಮಿಸಿದ್ದ.

ಸಂಕಣ್ಣ ಕುವರಿಯ ಕಡೆ ನೋಡಿದ. ಅವಳು ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ಅವನ ನಗು ನಿಂತಿತು.

"ಬಳೆ ತೊಡಿಸುವಾಗ ನಾನು ನೆಲದ ಮೇಲೆ ಕೂರುತ್ತೇನೆ. ಹೆಂಗಸರ ಕೈ ನನ್ನ ಕೈಯಲ್ಲಿ, ಕಾಲು ಕಣ್ಣೆದುರಿಗೆ. ಬೆಳಿಗ್ಗೆ ಸಲೀಸಾಗಿ ಏರಿದ ಬಳೆ ಸಂಜೆಗೆ ಬಿಗಿಯುತ್ತದೆ. ದಿನವಿಡೀ ಮೈಭಾರ ಹೊತ್ತ ಪಾದ ಇನ್ನೂ ಹೆಚ್ಚು ಊದುತ್ತದೆ. ಆ ಅವಳಿಗಳು ಪಾದಗಳು. ಎಡಕ್ಕೂ ಬಲಕ್ಕೂ ಅಳತೆ ಒಂದೇ ಇರುವುದಿಲ್ಲ. ಐವರು ಅಕ್ಕತಂಗಿಯರು ಬೆರಳುಗಳು. ಚೂಪು ತುದಿಯೊಳಗೆ ತುರುಕಿದರೆ ಹೆಬ್ಬೆರಳು ಒಳಕ್ಕೆ ಬಾಗಿ, ಅದರ ಬುಡದಲ್ಲಿ ಗಂಟು ಏಳುತ್ತದೆ."

ಮಂತ್ರಿ ಗದರಿದ. ಕುವರಿಯ ಪಾದವನ್ನು ತಾವರೆ ಎನ್ನಬಹುದು, ಚಿಗುರು ಎನ್ನಬಹುದು. ಗಂಟು, ನೋವು ಎಂದವನ ನಾಲಿಗೆ ಸೀಳಬೇಕೆಂಬ ಕಟ್ಟಳೆಯಿತ್ತು. ಚಾಗಲೆ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು.

"ಮೂರನೆಯದು?" ಎಂದಳು.

"ಮೆಟ್ಟು. ನೀವು ಅದನ್ನು ಮೆಟ್ಟಿದಿರಿ, ಅದು ನಿಮ್ಮನ್ನು ಮೆಟ್ಟಿಕೊಂಡಿತು. ಬಿಡಿಸುವ ಮಂತ್ರವಾದಿ ನೀವೇ, ದೊರೆಮಗಳೇ. ಬಗ್ಗಿದರೆ ಸಾಕು."

ಎಂದೂ ಯಾರ ಮುಂದೂ ಬಗ್ಗದ ಅರಸುಕುವರಿ ಬಗ್ಗಿದಳು. ಒಂದನ್ನು ಬಿಚ್ಚಿದಳು, ಇನ್ನೊಂದನ್ನೂ ಬಿಚ್ಚಿದಳು. ಬರಿಗಾಲಲ್ಲಿ ನಿಂತಾಗ ಅವಳು ತಂದೆಯ ಭುಜಕ್ಕೂ ಬರಲಿಲ್ಲ.

"ನೀನು ಇಷ್ಟೇ ಎತ್ತರವೇನೇ?" ಎಂದ ಅರಸ.

"ಇಷ್ಟೇ, ಅಪ್ಪಾಜಿ." ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ನೋವು ಎನ್ನುವಂತಿಲ್ಲ, ಅದಕ್ಕೇ ಒಗಟಾಗಿ ಹೇಳಿದೆ ಎಂದಳು. ಸಪ್ತಪದಿಯ ಏಳು ಹೆಜ್ಜೆಯನ್ನೂ ಯಾರ ಆಸರೆಯಿಲ್ಲದೆ ಇಡಲಾರದವಳು, ಇದನ್ನು ತಿಳಿಯದವನ ಹಿಂದೆ ಹೇಗೆ ನಡೆಯಲಿ ಎಂದಳು.

ಅರಸ ಮಗಳ ಪಾದ ನೋಡಿದ. ಹೆಬ್ಬೆರಳ ಬುಡದ ಗಂಟು ನೋಡಿದ. ನಾಲಿಗೆ ಸೀಳುವ ಕಟ್ಟಳೆಯನ್ನೂ ಚೂಪು ಮೆಟ್ಟಿನ ಪದ್ಧತಿಯನ್ನೂ ಆ ಕ್ಷಣವೇ ತೆಗೆಸಿಹಾಕಿದ. ಚಾಗಲೆ ಹೆಜ್ಜೆಯಿಡಲು ಹೋದಾಗ ಮೀನಖಂಡ ಜಗ್ಗಿ ಮುಖ ಕಿವುಚಿದಳು. ಸಂಕಣ್ಣ ಹೇಳಿದ: ಎತ್ತರಕ್ಕೆ ಒಗ್ಗಿದ ನರ ಒಂದೇ ದಿನಕ್ಕೆ ನೆಲಕ್ಕೆ ಇಳಿಯುವುದಿಲ್ಲ, ಹಿಮ್ಮಡಿಯನ್ನು ಸ್ವಲ್ಪಸ್ವಲ್ಪವೇ ತಗ್ಗಿಸಬೇಕು. ಮುಂಭಾಗ ಬೆರಳಾಡುವಷ್ಟು ಅಗಲವಿರಬೇಕು, ಅಳತೆಯನ್ನು ಸಂಜೆ ಕೊಡಬೇಕು, ದೊಡ್ಡ ಪಾದದ್ದನ್ನೇ ಕೊಡಬೇಕು. ಬಳೆ ಒಡೆದರೆ ಇನ್ನೊಂದು ತೊಡಿಸಬಹುದು, ಕಾಲು ಹಾಗಲ್ಲ.

ಏನು ಬೇಡುವೆಯೆಂದು ಅರಸ ಕೇಳಿದ. ಸೆರೆಯಲ್ಲಿದ್ದವರನ್ನು ಬಿಡಿ ಎಂದ ಸಂಕಣ್ಣ. ಅವರು ಚೌಕಾಬಾರದ ಆಟ ಮುಗಿಸಿಯೇ ಹೊರಟರು.

ಅರಸ ಮರುದಿನವೇ ಲಗ್ನವೆಂದ. ಚಾಗಲೆ ಬೇಡವೆಂದು ತಲೆಯಾಡಿಸಿ, ಸಂಕಣ್ಣನನ್ನು ಕೇಳಿದಳು: "ನಾನು ನೆಟ್ಟಗೆ ನಡೆಯುವವರೆಗೆ ಕಾಯುತ್ತೀಯಾ?"

"ಕೈ ಸಡಿಲಾಗುವವರೆಗೆ ಕಾಯದವನು ಬಳೆಗಾರನೇ ಅಲ್ಲ," ಎಂದ ಅವನು.

ಕಾದ. ಅಷ್ಟರಲ್ಲಿ ಪೇಟೆಯ ಹೆಂಗಸರೂ ಅಗಲ ಮೆಟ್ಟು ಹೊಲಿಸಿಕೊಂಡಿದ್ದರು. ಮದುವೆಯ ದಿನ ಚಾಗಲೆ ಯಾರ ಹೆಗಲೂ ಹಿಡಿಯದೆ ಏಳು ಹೆಜ್ಜೆ ಎಷ್ಟು ಚುರುಕಾಗಿ ಇಟ್ಟಳೆಂದರೆ, ಪುರೋಹಿತರ ಮಂತ್ರ ನಾಲ್ಕನೆಯದರಲ್ಲೇ ಇತ್ತು. ಕವಿಗಳು ಹಂಸವನ್ನು ಬಿಟ್ಟು ಬೇರೆ ಹಕ್ಕಿ ಹುಡುಕಬೇಕಾಯಿತು.

ಅವರು ಅಲ್ಲಿ ಹಾಯಾಗಿ ನಡೆದಾಡಿಕೊಂಡಿರಲಿ. ಕತೆ ಕೇಳಿದ ಹೆಣ್ಣುಮಕ್ಕಳೇ, ಕಾಲು ಚಾಚಿ ಕೂತುಕೊಳ್ಳಿ. ಏಳುವಾಗ ಬಾಗಿಲಲ್ಲಿ ಬಿಟ್ಟ ಮೆಟ್ಟನ್ನು ಒಮ್ಮೆ ನೋಡಿ: ಅದನ್ನು ನೀವು ಮೆಟ್ಟಿದ್ದೋ, ಅದು ನಿಮ್ಮನ್ನೋ.