ಲಾದ್ರು ಮತ್ತು ಐದು ತೆರೆದ ಕಾರುಗಳು

ಎಷ್ಟು ಹಿಂದೆ ಅಂತ ಕೇಳಬೇಡಿ, ಅದನ್ನು ಹೇಳಬಲ್ಲವರು ಯಾರೂ ಈಗ ಉಳಿದಿಲ್ಲ. ಘಾಟಿಯ ನೆತ್ತಿಯ ಮೇಲೆ, ಇದೇ ನಮ್ಮ ಮುಗಿಲಹಕ್ಲಿನಲ್ಲಿ, ಲಾದ್ರು ಅಂತ ಒಬ್ಬ ಮೆಕ್ಯಾನಿಕ್ ಇದ್ದನಂತೆ. ಒಣಗಿದ ನುಗ್ಗೆಕಾಯಿಯಂಥ ಮನುಷ್ಯ. ಕೊಂಕಣಿ ಮನೆಮಾತು, ಊರವರ ಹತ್ತಿರ ಕನ್ನಡ, ಇಂಜಿನ್ನಿನ ಹತ್ತಿರ ಮೌನ. ಹಾಗಂತಾರೆ.

ಆಗ ಊರಲ್ಲಿ ಐದು ಕಾರುಗಳಿದ್ದವಂತೆ. ನೀವು ಈಗ ನೋಡುವಂಥವಲ್ಲ. ಎರಡೇ ಸೀಟು, ಮೇಲೆ ಸೂರಿಲ್ಲ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಕಾರುಗಳು. ಬಿಳಿಯರು ತೋಟ ಮಾರಿ ಹೋಗುವಾಗ ಬಿಟ್ಟುಹೋದವು. ಕೆಂಪು ಕಾರು ಉತ್ತಯ್ಯನದು, ಹಸಿರು ಕಾರು ಬೊಳ್ಳವ್ವನದು. ಇಬ್ಬರೂ ಕಾಫಿ ತೋಟದವರು. ಉಳಿದ ಮೂವರ ಹೆಸರು ನನಗೂ ಮರೆತಿದೆ.

ಆದರೆ ಘಾಟಿಯಲ್ಲಿ ನಾಲ್ಕು ತಿಂಗಳು ಮಳೆ. ಸೂರಿಲ್ಲದ ಕಾರು ಆ ಮಳೆಯಲ್ಲಿ ಏನು ಮಾಡೀತು? ಮೊದಲ ಗುಡುಗಿಗೇ ಐವರೂ ಕಾರುಗಳನ್ನು ತಂದು ಲಾದ್ರುವಿನ ಶೆಡ್ಡಿಗೆ ಸೇರಿಸುತ್ತಿದ್ದರಂತೆ. ಅವನು ಅವನ್ನು ಮರದ ದಿಮ್ಮಿಗಳ ಮೇಲೆ ಏರಿಸಿ, ಥಂಡಿ ಹಿಡಿಯದಂತೆ ಇದ್ದಿಲ ಅಗ್ಗಿಷ್ಟಿಕೆ ಉರಿಸಿ, ವಾರಕ್ಕೊಮ್ಮೆ ಚಕ್ರಗಳನ್ನು ಕೈಯಲ್ಲೇ ತಿರುಗಿಸಿ ಕಾಯುತ್ತಿದ್ದನಂತೆ.

ಕಾರುಗಳು ಸುಮ್ಮನಿದ್ದವು. ಮನುಷ್ಯರು ಸುಮ್ಮನಿರಬೇಕಲ್ಲ!

ಉತ್ತಯ್ಯ ಊಟಕ್ಕೆ ಕೂತರೆ ಬಲಗಾಲು ನೆಲ ಒತ್ತುತ್ತಿತ್ತಂತೆ. ಸಾರಿನ ಸೌಟು ಕೈಗೆ ಸಿಕ್ಕರೆ ಅದನ್ನೇ ಗೇರಿನ ಹಾಗೆ ಹಿಂದೆ ಮುಂದೆ ಎಳೆಯುತ್ತಿದ್ದನಂತೆ. ಅವನ ಹೆಂಡತಿ ಸೌಟು ಬಚ್ಚಿಟ್ಟು, ಲೋಟದಲ್ಲೇ ಸಾರು ಬಡಿಸುತ್ತಿದ್ದಳಂತೆ. ಬೊಳ್ಳವ್ವ ದಿನಾ ಕೊಡೆ ಹಿಡಿದು ಶೆಡ್ಡಿಗೆ ಬಂದು, ದಿಮ್ಮಿಯ ಮೇಲಿನ ಹಸಿರು ಕಾರು ಹತ್ತಿ ಕೂತು, ಸ್ಟೇರಿಂಗ್ ಹಿಡಿದು ಮಳೆ ನೋಡುತ್ತಿದ್ದಳಂತೆ. ಸಂಜೆ ಇಳಿದು ಹೋಗುವಾಗ ಒಂದೇ ಮಾತು ಕೇಳುತ್ತಿದ್ದಳಂತೆ.

"ಇನ್ನೆಷ್ಟು ದಿನ, ಲಾದ್ರು?"

"ರಸ್ತೆ ಹೇಳ್ಬೇಕು, ಅಕ್ಕ."

ಮಳೆ ನಿಂತ ಮೇಲೂ ಅವನು ಕೂಡಲೇ ಕೀಲಿ ಕೊಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಘಾಟಿ ಇಳಿಯುತ್ತಿದ್ದ. ಹದಿನಾಲ್ಕು ತಿರುವು. ಪ್ರತಿ ತಿರುವಿನಲ್ಲೂ ಅಂಚಿಗೆ ನಿಂತು ಅಂಗಾಲು ಒತ್ತಿ ನೋಡುತ್ತಿದ್ದ. ಟಾರಿನ ಕೆಳಗೆ ನೀರು ಹರಿದರೆ ಅವನ ಪಾದಕ್ಕೆ ತಿಳಿಯುತ್ತಿತ್ತಂತೆ. ನೆಲಕ್ಕೆ ಕಿವಿ ಇಡುತ್ತಿದ್ದ ಅನ್ನುವವರೂ ಇದ್ದಾರೆ. ವಾಪಸು ಬಂದು "ಇನ್ನೂ ಇಲ್ಲ" ಅಂದರೆ ಇಲ್ಲ, "ಹೂಂ" ಅಂದರೆ ಹೂಂ.

ಹೀಗಿರುವಾಗ ಒಂದು ವರ್ಷ ಭಾದ್ರಪದದಲ್ಲೇ ಮಳೆ ನಿಂತಿತು. ಹತ್ತು ದಿನ ಚುರುಚುರು ಬಿಸಿಲು. ಕಂಬಳಿ ಒಣಗಿದವು, ಮೆಣಸಿನ ಬಳ್ಳಿ ಒಣಗಿತು, ರಸ್ತೆ ಬೆಳ್ಳಗಾಯಿತು. ಲಾದ್ರು ಇಳಿದು ಹೋಗಿ ಬಂದ.

"ಇನ್ನೂ ಇಲ್ಲ. ಒಂಬತ್ತನೇ ತಿರುವಿಂದ ಹನ್ನೊಂದರವರೆಗೆ ಒಳಗೆ ನೀರು ಓಡ್ತಾ ಇದೆ."

ಉತ್ತಯ್ಯನಿಗೆ ತಡೆಯಲಾಗಲಿಲ್ಲ. "ಬಸ್ಸು ದಿನಾ ಹತ್ತಿ ಇಳಿಯುತ್ತೆ, ನನ್ನ ಕಾರಿಗೆ ಮಾತ್ರ ನೀರಾ? ಕೀಲಿ ನಿನ್ನ ಹತ್ರ ಇದ್ರೆ ನಿನಗೊಂದು ದೊಡ್ಡಸ್ತಿಕೆ. ನಿನಗೆ ಸ್ವಂತ ಕಾರಿಲ್ಲ, ಈ ಚಡಪಡಿಕೆ ಏನು ಗೊತ್ತು ನಿನಗೆ?" ಅಂದುಬಿಟ್ಟ.

ಶೆಡ್ಡಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರಂತೆ. ಲಾದ್ರು ಕೈಯ ಎಣ್ಣೆ ಒರೆಸಿಕೊಂಡ.

"ನಿಜ ಧಣಿ, ಗೊತ್ತಿಲ್ಲ," ಅಂದ. "ಬಸ್ಸಿನವರಿಗೂ ಹೇಳಿ ಬಂದೆ, ಅವರೂ ಕೇಳಲಿಲ್ಲ." ಕಾರನ್ನು ದಿಮ್ಮಿಯಿಂದ ಇಳಿಸಿದ, ಬ್ಯಾಟರಿ ಕೂರಿಸಿದ, ಕೀಲಿ ಕೊಟ್ಟ. ಆಮೇಲೆ, ಯಾರೂ ಕರೆಯದೆ, ಎಡಗಡೆಯ ಬಾಗಿಲು ತೆಗೆದು ತಾನೇ ಕೂತುಬಿಟ್ಟ. "ನಡೀರಿ, ನಾನೂ ಬರ್ತೀನಿ."

ಅಷ್ಟು ವರ್ಷ ಆ ಕಾರುಗಳ ಕೆಳಗೆ ಮಲಗಿದ್ದ ಮನುಷ್ಯ, ರಿಪೇರಿಯ ನೆಪವಿಲ್ಲದೆ ಅವುಗಳಲ್ಲಿ ಕೂತದ್ದು ಅವತ್ತೇ ಮೊದಲು.

ಎಂಟು ತಿರುವು ಹೇಗೆ ಇಳಿದರೋ ಇಬ್ಬರಿಗೂ ಗೊತ್ತಿಲ್ಲ. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಕಾರು ಹಾಡುತ್ತಿತ್ತು, ಉತ್ತಯ್ಯ ನಾಲ್ಕು ತಿಂಗಳ ಉಸಿರನ್ನೆಲ್ಲ ಒಟ್ಟಿಗೆ ಬಿಡುತ್ತಿದ್ದ. ನಾಲ್ಕನೇ ತಿರುವಿನಲ್ಲಿ ಲಾದ್ರುವಿನ ಟೋಪಿ ಹಾರಿಹೋಯಿತು. ಆಗ ಅವನು ನಕ್ಕನಂತೆ. ದೊಡ್ಡದಾಗಿ, ಬಾಯಿ ತೆರೆದು. ಸೌದೆ ಹೊತ್ತು ಬರುತ್ತಿದ್ದ ಹೆಂಗಸರು ಕೇಳಿಸಿಕೊಂಡಿದ್ದಾರೆ.

ಒಂಬತ್ತನೇ ತಿರುವು ಕಾಣುತ್ತಲೇ ನಗು ನಿಂತಿತು. "ನಿಲ್ಲಿಸಿ" ಅಂದ. ಉತ್ತಯ್ಯ ನಿಲ್ಲಿಸಲಿಲ್ಲ. ಲಾದ್ರು ಹ್ಯಾಂಡ್‌ಬ್ರೇಕ್ ಎಳೆದ. ಕಾರು ಅಡ್ಡ ತಿರುಗಿ ಕಿರುಚಿ ನಿಂತಿತು. ಉತ್ತಯ್ಯ ಕೂಗಾಡುತ್ತ ಕೆಳಗಿಳಿದ. ನಾಲ್ಕು ಹೆಜ್ಜೆ ಮುಂದೆ ರಸ್ತೆ ಹಗ್ಗದಷ್ಟು ದಪ್ಪ ಬಿರುಕು ಬಿಟ್ಟಿತ್ತು. ಒಳಗಿಂದ ಕೆಂಪು ನೀರು ಜಿನುಗುತ್ತಿತ್ತು.

ಆಗಲೇ ಕೆಳಗಿಂದ ಬಸ್ಸಿನ ಹಾರನ್ ಕೇಳಿಸಿತು. ಅವತ್ತು ಕೆಳಗಿನ ಊರಲ್ಲಿ ಸಂತೆ. ಸಂತೆ ಮುಗಿಸಿದವರೆಲ್ಲ ಆ ಬಸ್ಸಿನಲ್ಲಿದ್ದರು. ಹದಿಮೂರನೇ ತಿರುವಿನಲ್ಲಿದೆ ಅಂತ ಲಾದ್ರುವಿಗೆ ಸದ್ದಿನಲ್ಲೇ ತಿಳಿಯಿತು. ಹನ್ನೊಂದನೆಯದಕ್ಕೆ ಬಂದರೆ ಕುಸಿಯುವ ನೆಲದ ಮೇಲೆ ಬಂದ ಹಾಗೆ. ಓಡಿಹೋದರೆ ಮುಟ್ಟುವುದಿಲ್ಲ.

"ಇಬ್ಬರ ಭಾರ ತಡೆಯಲ್ಲ, ಧಣಿ" ಅಂದ. ಉತ್ತಯ್ಯ ಕೈ ಚಾಚುವಷ್ಟರಲ್ಲಿ ಅವನು ಸ್ಟೇರಿಂಗಿನ ಹಿಂದಕ್ಕೆ ಸರಿದಿದ್ದ. ಕಾರು ಬಿರುಕು ದಾಟಿ ಹೋಯಿತು.

ಚಕ್ರ ನೆಲ ಮುಟ್ಟಲೇ ಇಲ್ಲ ಅಂತಾರೆ. ಅದು ಜನ ಸೇರಿಸಿದ್ದಿರಬಹುದು. ಹನ್ನೆರಡನೇ ತಿರುವಿನಲ್ಲಿ ಅವನು ಕೆಂಪು ಕಾರನ್ನು ರಸ್ತೆಗೆ ಅಡ್ಡ ನಿಲ್ಲಿಸಿದ್ದು ಮಾತ್ರ ನಿಜ. ಬಸ್ಸು ಒಂದು ಮೊಳ ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು ಬೈಯತೊಡಗಿದ. ಲಾದ್ರು ಉತ್ತರ ಕೊಡುವ ಮೊದಲೇ ಮೇಲಿನ ಮರಗಳಿಂದ ಹಕ್ಕಿಗಳೆಲ್ಲ ಎದ್ದವು. ಆಮೇಲೆ ಗುಡ್ಡ ಇಳಿಯಿತು. ಮರಗಳು ನಿಂತ ನಿಲುವಿನಲ್ಲೇ ಜಾರಿಕೊಂಡು ಹೋದವಂತೆ, ರಸ್ತೆಯನ್ನೂ ಎಳೆದುಕೊಂಡು. ಬಸ್ಸಿನಲ್ಲಿ ನಲವತ್ತು ಜನ ಇದ್ದರು ಅಂತಾರೆ. ನಮ್ಮಜ್ಜಿ ಹೇಳುವಾಗ ನೂರು.

ಮೇಲುಗಡೆ ಉತ್ತಯ್ಯನಿಗೆ ಕಂಡದ್ದು ಗುಡ್ಡ ಇಳಿದದ್ದಷ್ಟೇ. ಲಾದ್ರು ಮಣ್ಣಿನಡಿ ಹೋದ ಅಂದುಕೊಂಡು, ಕಡಿದ ರಸ್ತೆಯ ತುದಿಯಲ್ಲೇ ಕೂತುಬಿಟ್ಟ. ಸಂಜೆ ಹೊತ್ತಿಗೆ ಕಾಡಿನ ಕಾಲುದಾರಿಯಲ್ಲಿ ಮಾತು ಕೇಳಿಸಿತು. ಸಂತೆ ಚೀಲ ಹೊತ್ತ ಜನ ಸಾಲಾಗಿ ಬರುತ್ತಿದ್ದರು, ಮುಂದೆ ಲಾದ್ರು.

"ಕಾರು ಕೆಳಗಿದೆ, ಧಣಿ" ಅಂದನಂತೆ ಲಾದ್ರು. "ಎರಡನೇ ಗೇರು ಸ್ವಲ್ಪ ಗಟ್ಟಿ. ನೋಡ್ಬೇಕು."

ಉತ್ತಯ್ಯ ಅತ್ತನೋ ನಕ್ಕನೋ, ಎರಡೂ ಹೇಳುತ್ತಾರೆ.

ಆದರೆ ಕತೆ ಇಷ್ಟೇ ಆಗಿದ್ದರೆ ನಾನು ನಿಮ್ಮನ್ನು ಕೂರಿಸಿ ಹೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ರಸ್ತೆ ಮತ್ತೆ ಕಟ್ಟಿದರು, ಕೆಂಪು ಕಾರು ಶೆಡ್ಡಿಗೆ ಮರಳಿತು. ಮರು ವರ್ಷದ ಮಳೆಗಾಲದಲ್ಲಿ ಊರವರು ಒಂದು ವಿಚಿತ್ರ ಕಂಡರು. ಎಲ್ಲರಿಗಿಂತ ಹೆಚ್ಚು ಚಡಪಡಿಸುತ್ತಿದ್ದವನು ಲಾದ್ರು. ಶೆಡ್ಡಿನಿಂದ ಹೊರಗೆ ಬರುವುದು, ಮುಗಿಲು ನೋಡುವುದು, ಒಳಗೆ ಹೋಗುವುದು. ತಿರುಗಿಸಿದ ಚಕ್ರವನ್ನೇ ಮತ್ತೆ ತಿರುಗಿಸುವುದು. ಆ ಎಂಟು ತಿರುವು ಅವನ ರಕ್ತಕ್ಕೆ ಸೇರಿಬಿಟ್ಟಿತ್ತು.

"ಈಗ ಗೊತ್ತಾಯ್ತು, ಧಣಿ" ಅಂದನಂತೆ ಉತ್ತಯ್ಯನಿಗೆ. "ಇದನ್ನ ಇಟ್ಕೊಂಡು ಇಷ್ಟು ವರ್ಷ ಹೇಗೆ ಕಾದ್ರಿ?"

ಆದರೂ ಬಿಸಿಲು ಬಂದಾಗ ಚಪ್ಪಲಿ ಬಿಟ್ಟು ಇಳಿದ. ವಾಪಸು ಬಂದು, ತುಟಿ ಕಚ್ಚಿಕೊಂಡು, "ಇನ್ನೂ ಇಲ್ಲ" ಅಂದ. ಆ ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತು ಅಂತ ಮುಖ ನೋಡಿದವರಿಗೆಲ್ಲ ತಿಳಿಯಿತು. ಅವತ್ತಿನಿಂದ ಅವನ "ಇಲ್ಲ"ಕ್ಕೆ ಯಾರೂ ಎದುರು ಮಾತಾಡಲಿಲ್ಲ. ಹದಿನೇಳು ದಿನದ ಮೇಲೆ "ಹೂಂ" ಅಂದ. ಉತ್ತಯ್ಯ ಎಡಗಡೆಯ ಬಾಗಿಲು ತೆಗೆದು ಹಿಡಿದು ನಿಂತ. ಆಮೇಲೆ ಪ್ರತಿ ವರ್ಷವೂ ಮೊದಲ ಓಟದಲ್ಲಿ ಆ ಸೀಟು ಲಾದ್ರುವಿನದೇ ಆಯಿತು.

ಲಾದ್ರು ತೀರಿಹೋದ ಮೇಲೆ ಉತ್ತಯ್ಯ ಮೊದಲ ಓಟಕ್ಕೆ ಒಬ್ಬನೇ ಹೊರಟನಂತೆ. ಎರಡು ತಿರುವು ಇಳಿದವನಿಗೆ ಪಕ್ಕದ ಖಾಲಿ ಸೀಟು ನೋಡಲಾಗಲಿಲ್ಲ. ದಾರಿಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳನ್ನು ಬುಟ್ಟಿ ಸಮೇತ ಕೂರಿಸಿಕೊಂಡು ಕೆಳಗಿನವರೆಗೂ ಹೋದ.

ಈಗಲೂ ನಮ್ಮೂರಲ್ಲಿ ಹಾಗೇ. ಹಳೆಯ ಕಾರಿನವರು ಮಳೆ ಕಳೆದು ಮೊದಲ ಸಲ ಹೊರಟಾಗ ಎಡಗಡೆಯ ಸೀಟನ್ನು ಮನೆಯವರಿಗೆ ಕೊಡುವುದಿಲ್ಲ. ಅಂಥ ಕಾರಿನಲ್ಲಿ ಎಂದೂ ಕೂರದವರನ್ನು ಹುಡುಕಿ ಕೂರಿಸುತ್ತಾರೆ. ಒಂದು ವರ್ಷ ಸ್ಕೂಲಿನ ಅಡಿಗೆಯವಳು, ಇನ್ನೊಂದು ವರ್ಷ ಅಂಚೆ ಹಂಚುವವನು. ಹೋದ ವರ್ಷ ನನ್ನನ್ನೇ ಕರೆದರು. ಎಪ್ಪತ್ತೆಂಟು ವರ್ಷದ ಮುದುಕಿ ಹೆದರುತ್ತಾಳೆ ಅಂತ ಕಾರಿನ ಒಡತಿ ಹುಡುಗಿ ನಿಧಾನವಾಗಿ ಬಿಡುತ್ತಿದ್ದಳು. ನಾಲ್ಕು ತಿರುವು ಹೇಗೋ ಸುಮ್ಮನಿದ್ದೆ. ಐದನೆಯದರಲ್ಲಿ ತಡೆಯಲಾಗಲಿಲ್ಲ.

"ಅಷ್ಟೇನಾ ನಿನ್ನ ಕಾರು ಓಡೋದು?" ಅಂದೆ.