ಎದುರು ಬರುವ ವಿಮಾನ

“ಬುದ್ಧಿ, ದೂರ ಇದ್ದಾಗ ಹೊಂದಿಕೊಂಡಿದ್ದವರು ಹತ್ತಿರ ಬಂದ ಮೇಲೆ ಯಾಕೆ ಹೀಗಾಗುತ್ತಾರೆ?” ಎಂದು ಗುರುಮಲ್ಲು ಮಠದ ಸ್ವಾಮಿಗಳನ್ನು ಕೇಳಿದ.

ಅವನ ಅಣ್ಣ ಬಹಳ ವರ್ಷ ಹುಬ್ಬಳ್ಳಿಯಲ್ಲಿದ್ದ. ಫೋನಿನಲ್ಲಿ ಇಬ್ಬರೂ ಹಾಲು ಜೇನಿನ ಹಾಗಿದ್ದರು. ಈಗ ಅಣ್ಣ ಊರಿಗೆ ಬಂದು ಗುರುಮಲ್ಲುವಿನ ಮನೆಯಲ್ಲೇ ಉಳಿದಿದ್ದಾನೆ. ಕುರ್ಚಿ ಕೊಟ್ಟರೆ ನಾನೇನು ನೆಂಟನೇ ಎನ್ನುತ್ತಾನೆ. ತಮ್ಮನ ಅಂಗಡಿಯಲ್ಲಿ ಕೆಲಸ ಹೇಳಿದರೆ ನಾನೇನು ಆಳೇ ಎನ್ನುತ್ತಾನೆ. ಸುಮ್ಮನಿದ್ದರೆ ಮಾತು ಬಿಟ್ಟೆಯಾ ಎನ್ನುತ್ತಾನೆ. ನಾಳೆ ಬೆಳಿಗ್ಗೆ ಬೇರೆ ಮನೆ ನೋಡಿಕೋ ಎಂದು ಹೇಳಿಬಿಡಲು ಗುರುಮಲ್ಲು ತೀರ್ಮಾನಿಸಿದ್ದ. ಗುರುಗಳ ಒಪ್ಪಿಗೆ ಒಂದು ಬೇಕಿತ್ತು.

ಸ್ವಾಮಿಗಳು ಪೀಠಕ್ಕೆ ಹೊಸಬರು. ಗಂಟಲು ಸರಿಮಾಡಿಕೊಂಡು, ತಮಗೆ ಕತೆ ಹೇಳಲು ಸರಿಯಾಗಿ ಬರುವುದಿಲ್ಲ, ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದರು. ಆಮೇಲೆ ಶುರು ಮಾಡಿದರು.

ಒಬ್ಬ ದರ್ಜಿ. ಅವನಿಗೆ ಯುದ್ಧವಿಮಾನ ಹಾರಿಸುವ ಆಸೆ. ನಿಜವಾದದ್ದಲ್ಲ, ರಿಮೋಟಿನಿಂದ ಹಾರುವ ಪುಟ್ಟ ವಿಮಾನ. ಟಿವಿ ಪೆಟ್ಟಿಗೆಯೊಳಗೆ ಬಿಳಿ ಥರ್ಮೋಕೋಲ್ ಬರುತ್ತದಲ್ಲ, ಅಂಥ ಹಗುರ ಫೋಮಿನಿಂದ ರೆಕ್ಕೆ ಕತ್ತರಿಸಿದ, ಅಂಟಿಸಿದ, ಹಸಿರು ಬಣ್ಣ ಬಳಿದ. ಮೂತಿಗೆ ಮೋಟಾರು, ಹೊಟ್ಟೆಯಲ್ಲಿ ಬ್ಯಾಟರಿ. ಬ್ಯಾಟರಿಯನ್ನು ಸ್ವಲ್ಪ ಮುಂದಿಡಬೇಕು, ಇಲ್ಲದಿದ್ದರೆ ಬಾಲ ಭಾರವಾಗುತ್ತದೆ ಎಂದ ಸ್ವಾಮಿಗಳು, ಅದು ಕತೆಗೆ ಬೇಕಾಗಿಲ್ಲ ಎಂದು ತಾವೇ ಹೇಳಿ ಮುಂದೆ ಹೋದರು.

ಊರಾಚೆಯ ಬಯಲಿನಲ್ಲಿ ದರ್ಜಿ ರಿಮೋಟು ಹಿಡಿದು ನಿಂತ. ಅವನ ಗೆಳೆಯ, ಒಬ್ಬ ಬಳೆ ವ್ಯಾಪಾರಿ, ವಿಮಾನವನ್ನು ಎಸೆದು ಹಾರಿಬಿಟ್ಟ. ದೂರ ಹೋಗುವಾಗ ಅದು ಹೇಳಿದ ಹಾಗೆ ಕೇಳಿತು. ರಿಮೋಟಿನ ಕಡ್ಡಿ ಬಲಕ್ಕೆ ತಳ್ಳಿದರೆ ಬಲಕ್ಕೆ, ಎಡಕ್ಕೆ ತಳ್ಳಿದರೆ ಎಡಕ್ಕೆ. ತಿರುಗಿ ಅವನ ಕಡೆಗೇ ಬರುವಾಗ ಒಂದು ರೆಕ್ಕೆ ಕುಸಿಯಿತು. ಅವನು ಸರಿಮಾಡಲು ಹೋದ, ಇನ್ನಷ್ಟು ಕುಸಿಯಿತು. ಜೋರಾಗಿ ತಳ್ಳಿದ. ವಿಮಾನ ಮೂತಿ ಊರಿ ಹುಲ್ಲಿನಲ್ಲಿ ಬಿತ್ತು.

ಹತ್ತಿರ ಬಂದರೆ ಇದಕ್ಕೆ ಎಡಬಲ ಮರೆಯುತ್ತದೆ ಎಂದು ದರ್ಜಿ ಸಿಟ್ಟಾದ. ರಿಮೋಟಿನಲ್ಲಿ ಎಡಬಲವನ್ನು ಅದಲುಬದಲು ಮಾಡುವ ಗುಂಡಿ ಇತ್ತು. ಮುರಿದ ಕಡೆ ಟೇಪು ಸುತ್ತಿ, ಆ ಗುಂಡಿ ಒತ್ತಿ, ಮತ್ತೆ ಹಾರಿಸಿದ. ಈ ಸಲ ದೂರ ಹೋಗುವಾಗಲೇ ಬಿತ್ತು. ಹತ್ತಿರ ಬರುವ ಮಾತೇ ಇರಲಿಲ್ಲ.

ಗುರುಮಲ್ಲು ನಕ್ಕ. ಸ್ವಾಮಿಗಳಿಗೆ ಸ್ವಲ್ಪ ಧೈರ್ಯ ಬಂತು.

ಆಗ ಬಳೆ ವ್ಯಾಪಾರಿ, “ಮಹಾರಾಯ, ವಿಮಾನ ಸರಿಯಾಗೇ ಇದೆ. ಎದುರು ಬರುವಾಗ ಅದರ ಬಲ ನಿನಗೆ ಎಡ” ಎಂದ.

“ಅದು ಬೀಳುತ್ತಿರುವಾಗ ನಾನು ಲೆಕ್ಕ ಹಾಕುತ್ತಾ ಕೂರಲೇ?”

“ಲೆಕ್ಕ ಬೇಡ. ಯಾವ ರೆಕ್ಕೆ ಕುಸಿಯಿತು ನೋಡು. ಕಡ್ಡಿಯನ್ನು ಆ ಕಡೆಗೇ ತಳ್ಳು, ಕೆಳಗಿನಿಂದ ಆಸರೆ ಕೊಟ್ಟ ಹಾಗೆ.”

ದರ್ಜಿ ಗುಂಡಿಯನ್ನು ಮೊದಲಿನಂತೆ ಮಾಡಿದ. ವಿಮಾನ ದೂರ ಹೋಗಿ ತಿರುಗಿ ಎದುರು ಬಂತು. ರೆಕ್ಕೆ ಕುಸಿಯಿತು. ಅವನು ಕಡ್ಡಿಯನ್ನು ಕುಸಿದ ಕಡೆಗೇ ತಳ್ಳಿದ. ರೆಕ್ಕೆ ಎದ್ದಿತು. ವಿಮಾನ ಅವನ ಟೋಪಿ ಹಾರುವಷ್ಟು ಹತ್ತಿರದಲ್ಲಿ ತಲೆಯ ಮೇಲೆ ದಾಟಿ ಹೋಯಿತು. ಇಬ್ಬರೂ ಮಕ್ಕಳ ಹಾಗೆ ಕುಣಿದರು.

ಕತೆ ಮುಗಿದಿತ್ತು. ಸ್ವಾಮಿಗಳಿಗೆ ಸಮಾಧಾನವಾಗಲಿಲ್ಲ. ದರ್ಜಿ ಎಂದರೆ ಗುರುಮಲ್ಲು ಎಂದು ಬಿಡಿಸಿ ಹೇಳಿದರು. ವಿಮಾನ ಎಂದರೆ ಅಣ್ಣ. ಗುಂಡಿ ಎಂದರೆ ನಾಳೆ ಬೆಳಿಗ್ಗೆ ಆಡಬೇಕೆಂದಿರುವ ಮಾತು. ಟೇಪು ಎಂದರೆ ಏನು ಎಂದು ಗುರುಮಲ್ಲು ಕೇಳಿದ. ಸ್ವಾಮಿಗಳು ಯೋಚಿಸಿ, ಅದು ಬರೀ ಟೇಪು ಎಂದರು.

“ಇನ್ನು ಬ್ಯಾಟರಿ. ಬ್ಯಾಟರಿ ಎಂದರೆ, ನೋಡು, ಮನುಷ್ಯನ ಒಳಗೆ...”

ಅಡುಗೆಯ ಪುಟ್ಟಮಾದಪ್ಪ ಬಾಗಿಲಲ್ಲಿ ನಿಂತ. “ಬುದ್ಧಿ, ಎಲೆ ಹಾಕಿ ಆಯ್ತು. ಎಲ್ಲಾರೂ ನಿಮಗೇ ಕಾಯ್ತಾ ಅವ್ರೆ.”

ಸ್ವಾಮಿಗಳು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಹಾಗಾದರೆ ನಾಳೆ ಹೇಳಲೇ, ಬೇಡವೇ ಎಂದು ಗುರುಮಲ್ಲು ಹಿಂದೆಯೇ ಹೋಗಿ ಕೇಳಿದ.

ಸ್ವಾಮಿಗಳು ಹೊಸಿಲ ಬಳಿ ತಿರುಗಿದರು.

“ನಿಮ್ಮಣ್ಣ ಹುಬ್ಬಳ್ಳಿ ಬಿಟ್ಟು ಯಾಕೆ ಬಂದ ಅಂತ ಕೇಳಿದೆಯಾ?”

“ಇಲ್ಲ ಬುದ್ಧಿ” ಎಂದ ಗುರುಮಲ್ಲು. ಊಟಕ್ಕೂ ನಿಲ್ಲದೆ ಮನೆಯ ಕಡೆ ಹೊರಟ.